ಒಂಬತ್ತು ದಿನದ ರಾಣಿ ನಮ್ಮ ಫ್ಲಾಟಿಗೆ ಬಂದದ್ದು

ಶಾರ್ಜಾದ ಗಡಿಗೆ ತಾಗಿದ ಅಲ್ ನಹ್ದಾದ ನಮ್ಮ ಫ್ಲಾಟು ನಮ್ಮದು ಮಾತ್ರ ಆಗಿರಲಿಲ್ಲ. ಇದ್ದ ಎರಡು ಮಲಗುವ ಕೋಣೆಗಳಲ್ಲಿ ಒಂದು ನಮ್ಮದು, ಇನ್ನೊಂದು ಮೈಸೂರಿನ ವಿಜಯಾ ಆಂಟಿಯದು. ಹಾಲ್, ಅಡುಗೆಮನೆ, ಬಟ್ಟೆ ಒಣಗಿಸುವ ಬಾಲ್ಕನಿ ಎರಡೂ ಮನೆಯವರಿಗೆ ಸೇರಿದ್ದು. ನಾವು ಉಡುಪಿ ಕಡೆಯವರು. ಕೋಣೆಯ ಬಾಗಿಲು ಹಾಕಿಕೊಂಡರೆ ನಾನೂ ಅಮ್ಮನೂ ತುಳು ಮಾತಾಡುತ್ತಿದ್ದೆವು, ಬಾಗಿಲು ತೆರೆದು ಹಾಲ್‌ಗೆ ಕಾಲಿಟ್ಟರೆ ಕನ್ನಡ. ಹಾಗೆ ಮಾಡಬೇಕೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಎಡಗಡೆಯ ಕಪಾಟು ನಮ್ಮದು, ಅಲ್ಲಿ ತೆಂಗಿನೆಣ್ಣೆ ಮತ್ತು ಕುಚ್ಚಲಕ್ಕಿ. ಬಲಗಡೆಯದು ಆಂಟಿಯದು, ಅಲ್ಲಿ ಕಡಲೆಕಾಯಿ ಎಣ್ಣೆ ಮತ್ತು ಅವರ ತಾಯಿ ಪುಡಿ ಮಾಡಿ ಕಳಿಸಿದ ಸಾರಿನ ಪುಡಿ. ಅಮ್ಮ ಮೀನು ಮಾಡುವ ದಿನ ಆಂಟಿ ಕಿಟಕಿ ತೆಗೆದು, ತಮ್ಮ ಕೋಣೆಯಲ್ಲಿ ಊದುಬತ್ತಿ ಹಚ್ಚಿ ಕೂರುತ್ತಿದ್ದರು. ಬೇಡ ಅಂತ ಒಂದು ದಿನವೂ ಹೇಳಲಿಲ್ಲ. ಅವರ ಗಂಡ ಕಂಪ್ಯೂಟರ್ ಕೆಲಸದ ಮೇಲೆ ಹೆಚ್ಚಾಗಿ ಬೇರೆ ಊರುಗಳಲ್ಲೇ ಇರುತ್ತಿದ್ದರು. ನಮ್ಮ ಪಪ್ಪ ಅಬುಧಾಬಿಯನ್ನೂ ದಾಟಿ ದೂರದ ರುವೈಸಿನ ರಿಫೈನರಿಯಲ್ಲಿ ಟೆಕ್ನೀಷಿಯನ್. ಗುರುವಾರ ಸಂಜೆ ಕಂಪೆನಿ ಬಸ್ಸಿನಲ್ಲಿ ಬಂದು, ಶುಕ್ರವಾರ ಪೂರ್ತಿ ಇದ್ದು, ಶನಿವಾರ ಮಧ್ಯಾಹ್ನ ಊಟ ಮಾಡಿ ಹೊರಡುವವರು. ಹೀಗಾಗಿ ವಾರದ ಬಹುಪಾಲು ಆ ಮನೆ ಇಬ್ಬರು ಹೆಂಗಸರದು ಮತ್ತು ನನ್ನದು. ನನಗೆ ಅಲ್ಲಿ ಯಾವ ಕೊರತೆಯೂ ಕಾಣಿಸಲಿಲ್ಲ.

ನಮ್ಮ ಮನೆಗೆ ಇನ್ನೊಂದು ಕೋಣೆಯೂ ಇತ್ತು ಎಂದು ನನಗೆ ಅನಿಸುತ್ತದೆ. ಅದು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬೂದು ಬಣ್ಣದ ಕವರ್ ಹೊದ್ದು ನಿಂತಿದ್ದ ಪಪ್ಪನ ಕಾರು. ಪಪ್ಪ ಬಂದಾಗ ಮಾತ್ರ ಅದು ಹೊರಗೆ ಹೋಗುತ್ತಿತ್ತು. ಬ್ಯಾಟರಿ ಸಾಯಬಾರದೆಂದು ಅಮ್ಮ ಎರಡು ದಿನಕ್ಕೊಮ್ಮೆ ಸಂಜೆ ಕೆಳಗಿಳಿದು, ಕವರ್ ಸರಿಸಿ, ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಕೂರುತ್ತಿದ್ದರು. ನಾನು ಪಕ್ಕದ ಸೀಟಿನಲ್ಲಿ. ಕಾರು ಒಂದು ಅಡಿಯೂ ಮುಂದೆ ಹೋಗುತ್ತಿರಲಿಲ್ಲ. ಅಮ್ಮ ಮಾತ್ರ ಕನ್ನಡಿ ನೋಡುವುದು, ಇಂಡಿಕೇಟರ್ ಹಾಕುವುದು, ಹೆಗಲ ಮೇಲಿಂದ ತಿರುಗಿ ನೋಡುವುದು ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದರು. ಅಷ್ಟು ಹೊತ್ತಿಗೆ ಅವರು ಡ್ರೈವಿಂಗ್ ಟೆಸ್ಟಿನಲ್ಲಿ ಐದು ಸಲ ಫೇಲಾಗಿದ್ದರು. ತರಗತಿಗಳಲ್ಲಿ ಚೆನ್ನಾಗಿಯೇ ಓಡಿಸುತ್ತಿದ್ದರಂತೆ. ಟೆಸ್ಟಿನ ದಿನ ಕರಿ ನಿಲುವಂಗಿ ಅಬಾಯಾ ತೊಟ್ಟ ಪರೀಕ್ಷಕಿ ಪಕ್ಕದಲ್ಲಿ ಕೂತು, ಹಿಂದಿನ ಸೀಟಿನಲ್ಲಿ ಇನ್ನೂ ಇಬ್ಬರು ಹೆಂಗಸರು ತಮ್ಮ ಸರದಿಗೆ ಕಾಯುತ್ತಾ ಕೂತು, ಪರೀಕ್ಷಕಿ "ಯಲ್ಲಾ", ಹೊರಡು, ಎಂದ ಕೂಡಲೇ ಅಮ್ಮನ ಕಿವಿ ಮುಚ್ಚಿಹೋಗುತ್ತಿತ್ತು. ಪರೀಕ್ಷಕಿ ಹೇಳಿದ್ದು ಅರ್ಥವಾಗದೇ ಇದ್ದರೆ ಇನ್ನೊಮ್ಮೆ ಕೇಳಲು ನಾಚಿಕೆ. ಊಹೆಯ ಮೇಲೆ ತಿರುಗಿಸುವುದು, ತಪ್ಪುವುದು. ನಾನೂ ಅಮ್ಮನದೇ ಮಗಳು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಶಾಲೆಯ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿಹೋದರೂ ಸುಮ್ಮನೆ ಕೂತು, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದವಳು.

ನಾನು ಆರನೇ ತರಗತಿಯಲ್ಲಿದ್ದ ಚಳಿಗಾಲದಲ್ಲಿ ಆ ರಾಣಿ ನಮ್ಮ ಮನೆಗೆ ಬಂದಳು. ವಿಜಯಾ ಆಂಟಿ ಪಕ್ಕದ ಅಲ್ ಕುಸೈಸಿನ ನಮ್ಮ ಶಾಲೆಯಲ್ಲೇ ಇತಿಹಾಸದ ಟೀಚರ್. ಶಾಲೆಯ ವಾರ್ಷಿಕೋತ್ಸವಕ್ಕೆ ಇಂಗ್ಲಿಷಿನಲ್ಲಿ ಒಂದು ಸಣ್ಣ ನಾಟಕ ಬರೆಯಬೇಕಾಗಿ ಬಂದಾಗ ಅವರು ಇಂಗ್ಲೆಂಡಿನ ಜೇನ್ ಎಂಬ ಹುಡುಗಿಯ ಕತೆ ಆರಿಸಿಕೊಂಡರು. ಹದಿನಾರೋ ಹದಿನೇಳೋ ವಯಸ್ಸು. ಗ್ರೀಕ್ ಓದಿಕೊಂಡು ತನ್ನ ಪಾಡಿಗೆ ತಾನಿದ್ದವಳನ್ನು ಮನೆಯ ಹಿರಿಯರು ತಮ್ಮ ಲಾಭಕ್ಕೆ ಸಿಂಹಾಸನದ ಮೇಲೆ ಕೂರಿಸಿದರು. ಒಂಬತ್ತು ದಿನ. ಆಮೇಲೆ ನಿಜವಾದ ಹಕ್ಕುದಾರಳಾದ ಅವಳ ನೆಂಟಳು ಬಂದು ಪಟ್ಟವೇರಿ, ಇವಳನ್ನು ಕೋಟೆಯಲ್ಲಿ ಸೆರೆಯಿಟ್ಟಳು. ಕೊನೆಗೆ ತಲೆ ಕಡಿಸುವ ತೀರ್ಮಾನವಾಯಿತು. ನಿನ್ನ ನಂಬಿಕೆ ಬಿಟ್ಟು ಹೊಸ ರಾಣಿಯ ನಂಬಿಕೆಗೆ ಬಾ, ಜೀವ ಉಳಿಯಬಹುದು ಎಂದು ಒಬ್ಬ ಪಾದ್ರಿಯನ್ನು ಕಳಿಸಿದರು. ಅವಳು ಅವನ ಜೊತೆ ಮರ್ಯಾದೆಯಿಂದಲೇ ವಾದ ಮಾಡಿದಳು, ಒಪ್ಪಲಿಲ್ಲ. ಶಿಕ್ಷೆಯ ದಿನ ಬೆಳಿಗ್ಗೆ, ತನಗಿಂತ ಮೊದಲು ತಲೆ ಕಳೆದುಕೊಂಡ ಗಂಡನ ಹೆಣ ಗಾಡಿಯಲ್ಲಿ ಬರುವುದನ್ನು ಕಿಟಕಿಯಿಂದ ನೋಡಿದಳು. ಆಮೇಲೆ ಕೈಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು ತಾನೇ ನಡೆದು ಹೋದಳು, ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡಳು. ಕಟ್ಟಿಕೊಂಡ ಮೇಲೆ ತಲೆಯಿಡಬೇಕಾದ ಮರದ ದಿಮ್ಮಿ ಕೈಗೆ ಸಿಗಲಿಲ್ಲ. ಗಾಳಿಯಲ್ಲಿ ಕೈಯಾಡಿಸುತ್ತಾ, ಎಲ್ಲಿದೆ ಅದು ಎಂದು ಕೇಳಿದಳು. ಯಾರೋ ಬಂದು ದಾರಿ ತೋರಿಸಿದರು. ಆಂಟಿ ಈ ಕತೆಯನ್ನು ನಮಗೆ ಹೇಳಿದ್ದು ಹಾಲ್‌ನಲ್ಲಿ, ಬಟಾಣಿ ಸುಲಿಯುತ್ತಾ. ಅಮ್ಮನ ಕೈ ಅರ್ಧಕ್ಕೇ ನಿಂತಿತ್ತು.

"ಅವಳಿಗೆ ಹೆದರಿಕೆ ಆಗಲಿಲ್ವಾ ಹಾಗಾದ್ರೆ?" ಎಂದರು ಅಮ್ಮ.

"ಆಗಿರುತ್ತೆ ಶಶಿ. ಹದಿನಾರು ವರ್ಷದ ಹುಡುಗಿ ಅಲ್ವಾ? ಆದ್ರೆ ಅವಳ ಬಾಯಿಂದ ಸುಳ್ಳು ಹೇಳ್ಸೋಕೆ ಆ ಹೆದರಿಕೆ ಕೈಲೂ ಆಗ್ಲಿಲ್ಲ."

ಜೇನ್ ಪಾತ್ರಕ್ಕೆ ಆಂಟಿ ನನ್ನನ್ನು ಆರಿಸಿದರು. ನಾನು ಚೆನ್ನಾಗಿ ಮಾತಾಡುತ್ತೇನೆಂದು ಅಲ್ಲ. ಅಲ್ಲಾಡದೆ ನಿಲ್ಲುವುದು ನನಗೆ ಬರುತ್ತಿತ್ತು, ಮತ್ತು ದಿನಾ ಸಂಜೆ ಒಂದೇ ಮನೆಯಲ್ಲಿ ಸಿಗುತ್ತಿದ್ದೆ. ಬೇಡ ಎಂದು ನಾನು ಎರಡು ದಿನ ಅತ್ತೆ. ಆಂಟಿ ಸಮಾಧಾನ ಮಾಡಲೂ ಇಲ್ಲ, ಬಿಡಲೂ ಇಲ್ಲ. ಮೂರನೇ ದಿನ ಹಾಲ್‌ನ ಸೋಫಾ ಗೋಡೆಗೆ ಒತ್ತಿ, ನಡುವೆ ಜಾಗ ಮಾಡಿದರು. ಪೂಜೆಗೆ ಕೂರಲು ಅಮ್ಮ ಉಡುಪಿಯಿಂದ ತಂದಿದ್ದ ಮಣೆ ದಿಮ್ಮಿಯಾಯಿತು. ಅಮ್ಮನ ಬಿಳಿ ವೇಲಿನಲ್ಲಿ ನನ್ನ ಕಣ್ಣು ಕಟ್ಟುತ್ತಿದ್ದೆವು. ದಾರಿ ತೋರಿಸುವವನ ಪಾತ್ರ ಶಾಲೆಯಲ್ಲಿ ನನ್ನ ಗೆಳತಿ ನಿಮ್ಮಿಯದು. ಹೆಣ್ಣುಮಕ್ಕಳ ವಿಭಾಗವಾದ್ದರಿಂದ ಪಾದ್ರಿ, ತಲೆ ಕಡಿಯುವವನು, ಎಲ್ಲರೂ ಗಡ್ಡ ಅಂಟಿಸಿಕೊಂಡ ಹುಡುಗಿಯರೇ. ಮನೆಯಲ್ಲಿ ಆ ಪಾತ್ರ ಅಮ್ಮನದು. ಕುಕ್ಕರ್ ಕೂಗುತ್ತಿದ್ದರೆ ಅದನ್ನು ಆರಿಸಿ ಬಂದು, ನನ್ನ ಕೈ ಹಿಡಿದು ಮಣೆಯ ಮೇಲೆ ಇಡುತ್ತಿದ್ದರು. ಅವರ ಬೆರಳಲ್ಲಿ ಬೆಳ್ಳುಳ್ಳಿಯ ವಾಸನೆ ಇರುತ್ತಿತ್ತು. ಹತ್ತಾರು ಸಲ ಹೀಗೆ ತಲೆಯಿಟ್ಟ ಮೇಲೆ ನನಗೆ ಆ ಹುಡುಗಿಯ ಮೇಲೆ ಒಂದು ಸಲುಗೆ ಬಂತು. ಊಟದ ಹೊತ್ತಿಗೆ, ಜೇನ್‌ಗೆ ಈ ಹಾಗಲಕಾಯಿ ಇಷ್ಟವಾಗುತ್ತಿರಲಿಲ್ಲ ಎಂದೆಲ್ಲ ಹೇಳುತ್ತಿದ್ದೆ. ಆಂಟಿ ನಗದೆ, ದಾಖಲೆಯಲ್ಲಿ ಹಾಗೆ ಎಲ್ಲೂ ಇಲ್ಲ, ತಿನ್ನು ಎನ್ನುತ್ತಿದ್ದರು.

ಶಾಲೆಯಲ್ಲಿ ತಾಲೀಮು ನೋಡಲು ಬಂದ ಸೂಪರ್‌ವೈಸರ್ ಮೇಡಂಗೆ ಆ ತಡಕಾಟ ಹಿಡಿಸಲಿಲ್ಲ. ಧೈರ್ಯದ ಹುಡುಗಿ ನೆಲದ ಮೇಲೆ ಕೈಯಾಡಿಸಿದರೆ ನೋಡುವವರಿಗೆ ನಗು ಬರುತ್ತದೆ, ನೇರವಾಗಿ ನಡೆದು ಹೋಗಿ ತಲೆಯಿಡಲಿ ಎಂದರು. ಆಂಟಿ ಅದನ್ನು ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದುಕೊಂಡರು. ಮನೆಗೆ ಬಂದು ಚಪಾತಿ ಹಿಟ್ಟು ನಾದುತ್ತಾ ಅಮ್ಮನ ಹತ್ತಿರ ಹೇಳಿದರು.

"ಕಣ್ಣು ಕಟ್ಟಿದೆ, ಕಾಣ್ಸಲ್ಲ, ತಡಕಾಡ್ತಾಳೆ. ಅದ್ರಲ್ಲಿ ಅವಮಾನ ಏನಿದೆ ಹೇಳಿ. ಅಲ್ಲಿವರೆಗೂ ತಾನೇ ಬಂದ್ಲು, ಕಾಣ್ದೇ ಇದ್ದಾಗ ಕೇಳಿದ್ಲು. ನನಗೆ ಅವಳು ಇಷ್ಟ ಆಗೋದೇ ಅಲ್ಲಿ. ಅದನ್ನೇ ತೆಗೆದು ಹಾಕು ಅಂತಾರೆ."

"ಹಾಗಾದ್ರೆ ಅವರಿಗೆ ಹಾಗೇ ಹೇಳಿ ನೀವು," ಅಂದರು ಅಮ್ಮ.

ಮರುದಿನ ಆಂಟಿ ಹಾಗೇ ಹೇಳಿದರು. ದೃಶ್ಯ ಉಳಿಯಿತು. ಆದರೆ ಚಿಕ್ಕದಾಗಿ: ನಾನು ಒಂದೇ ಸಲ ಕೇಳಬೇಕು, ನಿಮ್ಮಿ ಕೂಡಲೇ ಬರಬೇಕು.

ಆ ವಾರವೇ ಅಮ್ಮ ಆರನೇ ಸಲ ಫೇಲಾದರು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಆಂಟಿಯ ಬಿಸಿಬೇಳೆ ಬಾತು, ಅಮ್ಮನ ಅಲಸಂಡೆ ಪಲ್ಯ, ಪಪ್ಪ ಬರುವಾಗ ತಂದ ಮೊಸರು. ಪಪ್ಪ ಒಳ್ಳೆಯವರು, ಮಾತು ಕಡಿಮೆ. ಹಿಂದಿನ ತಿಂಗಳು ನನಗೆ ಜೋರು ಜ್ವರ ಬಂದು, ಅಮ್ಮ ನನ್ನನ್ನು ಹೆಗಲಿಗೆ ಒರಗಿಸಿಕೊಂಡು ಟ್ಯಾಕ್ಸಿಗಾಗಿ ಒಂದು ಗಂಟೆ ರಸ್ತೆಯಲ್ಲಿ ನಿಂತದ್ದನ್ನು ಕೇಳಿದಾಗಿನಿಂದ ಅವರ ಮನಸ್ಸು ಸರಿಯಿರಲಿಲ್ಲ. ಮಾರ್ಚಿನೊಳಗೆ ಲೈಸೆನ್ಸ್ ಆಗದಿದ್ದರೆ ನನ್ನನ್ನೂ ಅಮ್ಮನನ್ನೂ ಊರಿಗೆ ಕಳಿಸುವುದೆಂದು ಅವರು ಆಗಲೇ ಹೇಳಿದ್ದರು. ಅಮ್ಮನಿಗೆ ಅಲ್ ಕುಸೈಸಿನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸವಿತ್ತು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅದು ಅಮ್ಮನಿಗೆ ಎಷ್ಟು ಇಷ್ಟವೆಂದು ನನಗೆ ಗೊತ್ತಿತ್ತು. ಆ ದಿನ ಮಾತು ಬೇಕೆಂದೇ ಬೇರೆ ಕಡೆ ತಿರುಗಿಸಲು ಆಂಟಿ ನಾಟಕದ ಕತೆ ತೆಗೆದರು. ಪಪ್ಪ ಪೂರ್ತಿ ಕೇಳಿದರು.

"ಒಂದು ಮಾತು ಹೇಳಿದ್ರೆ ಜೀವ ಉಳೀತಿತ್ತಲ್ಲ. ಹೇಳಿಬಿಡ್ಬೇಕಿತ್ತು. ಒಳಗೆ ಏನು ಬೇಕಾದ್ರೂ ನಂಬ್ಲಿ, ಯಾರು ನೋಡ್ಲಿಕ್ಕೆ ಬರ್ತಾರೆ?"

"ಎಷ್ಟೋ ಜನ ಹಾಗೇ ಮಾಡಿದ್ರು," ಎಂದರು ಆಂಟಿ. "ಅವಳಪ್ಪನ ಕಡೆಯ ದೊಡ್ಡ ಮನುಷ್ಯರೇ ಮಾಡಿದ್ರು."

"ಮತ್ತೆ? ಬುದ್ಧಿ ಇರುವವರು ಹಾಗೇ ಮಾಡುದು."

ಅಮ್ಮ ಪಪ್ಪನ ತಟ್ಟೆಗೆ ಪಲ್ಯ ಬಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು:

"ಹಾಗೆ ಹೇಳಿ ಉಳಿದ ಮೇಲೆ ಅದು ಯಾರ ಜೀವ?"

ಕಿಟಕಿಯಾಚೆ, ರಸ್ತೆ ದಾಟಿದರೆ ಶಾರ್ಜಾ. ಅಲ್ಲಿಯ ಮಸೀದಿಯಿಂದ ನಮಾಜು ಮುಗಿಸಿದವರ ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು. ಪಪ್ಪ ಇನ್ನೊಂದು ಸೌಟು ಬಾತು ಹಾಕಿಸಿಕೊಂಡರು. ಜಗಳವೆಂದರೆ ನಮ್ಮ ಮನೆಯಲ್ಲಿ ಅಷ್ಟೇ, ಆದರೆ ಅದು ಜಗಳವೇ ಎಂದು ನನಗೆ ತಿಳಿದಿತ್ತು. ನಾನು ನನ್ನೊಳಗೇ ಕೇಳಿಕೊಂಡೆ, ನಾನಾಗಿದ್ದರೆ? ಹೇಳಿಬಿಡುತ್ತಿದ್ದೆ ಎಂದು ಉತ್ತರ ಬಂತು. ಆ ಉತ್ತರದಿಂದ ನನಗೆ ಬೇಸರವಾಯಿತು, ಮೊಸರನ್ನ ಮಾತ್ರ ಪೂರ್ತಿ ತಿಂದೆ.

ವಾರ್ಷಿಕೋತ್ಸವದ ದಿನ ಪಪ್ಪನಿಗೆ ಡ್ಯೂಟಿ ಇತ್ತು, ಬರಲಾಗಲಿಲ್ಲ. ಅಮ್ಮ ರಜೆ ಹಾಕಿ ಬಂದು ನಾಲ್ಕನೇ ಸಾಲಿನಲ್ಲಿ ಕೂತಿದ್ದರು. ಪರದೆಯ ಸಂದಿಯಿಂದ ಅವರ ಹಸಿರು ಸೀರೆ ನನಗೆ ಕಾಣಿಸಿತು. ನಾಟಕದ ಮುಕ್ಕಾಲು ಭಾಗ ಹೇಗೆ ಕಳೆಯಿತೋ ನನಗೆ ನೆನಪಿಲ್ಲ. ಪಾದ್ರಿಯ ಗಡ್ಡ ಒಂದು ಕಡೆ ಜಾರಿದ್ದು ಮಾತ್ರ ನೆನಪಿದೆ. ಕೊನೆಯ ದೃಶ್ಯದಲ್ಲಿ ಕರಿ ಗೌನು ತೊಟ್ಟು, ಪುಸ್ತಕವನ್ನು ದಾಸಿಯ ಕೈಗೆ ಕೊಟ್ಟು, ಬಟ್ಟೆಯನ್ನು ನಾನೇ ಕಟ್ಟಿಕೊಂಡೆ. ಗಾಬರಿಯಲ್ಲಿ ಬಿಗಿಯಾಗಿ ಕಟ್ಟಿಬಿಟ್ಟಿದ್ದೆ, ಕೆಳಗಿನಿಂದಲೂ ಬೆಳಕು ಬರುತ್ತಿರಲಿಲ್ಲ. ಮಂಡಿಯೂರಿ ಕೈ ಚಾಚಿದೆ. ದಿಮ್ಮಿ ಇರಬೇಕಾದಲ್ಲಿ ಇರಲಿಲ್ಲ. ವೇದಿಕೆ ಸಜ್ಜು ಮಾಡುವಾಗ ಅದನ್ನು ಎರಡಡಿ ಮುಂದೆ ಸರಿಸಿದ್ದರಂತೆ. ನಾನು ನನ್ನ ಇಂಗ್ಲಿಷ್ ಮಾತು ಹೇಳಿದೆ, ಎಲ್ಲಿದೆ ಅದು ಎಂದು. ನಿಮ್ಮಿ ಬರಲಿಲ್ಲ. ಅವಳ ನಿಲುವಂಗಿಯ ತುದಿ ಥರ್ಮಾಕೋಲಿನ ಕೋಟೆಯ ಮೊಳೆಗೆ ಸಿಕ್ಕಿಕೊಂಡಿತ್ತೆಂದು ಆಮೇಲೆ ತಿಳಿಯಿತು. ಎಳೆದರೆ ಕೋಟೆಯೇ ಬೀಳುತ್ತಿತ್ತು. ನನಗೆ ಕೇಳಿಸಿದ್ದು ಸದ್ದಿಲ್ಲದ ಒಂದು ಸಭಾಂಗಣ, ಆಮೇಲೆ ಹಿಂದಿನ ಸಾಲಿನಲ್ಲಿ ಯಾರದೋ ಸಣ್ಣ ನಗು. ಬಟ್ಟೆಯನ್ನು ಹಣೆಯ ಮೇಲಕ್ಕೆ ಸರಿಸಿದರೆ ಮುಗಿಯಿತು. ಕೈ ಅಲ್ಲಿಗೆ ಹೋಯಿತು ಕೂಡ. ಆದರೆ ಅವಳು ಬಿಚ್ಚಲಿಲ್ಲವಲ್ಲ ಎಂದು ನೆನಪಾಯಿತು. ಅಷ್ಟು ದಿನ ನಮ್ಮ ಮನೆಯಲ್ಲಿದ್ದ ಹುಡುಗಿಗೆ ಈಗ ನಾನು ಮೋಸ ಮಾಡುವುದು ಹೇಗೆ? ಕೈ ಇಳಿಸಿದೆ. ಇನ್ನೊಮ್ಮೆ ಕೇಳಿದೆ. ಬಾಯಿಗೆ ಬಂದದ್ದು ಇಂಗ್ಲಿಷ್ ಅಲ್ಲ.

"ಓಲುಂಡು?"

ಎಲ್ಲಿದೆ ಎಂದು ತುಳುವಿನಲ್ಲಿ ಕೇಳಿದ್ದೆ. ಕ್ಲಿನಿಕ್ಕಿನ ಮೈಕಿನಲ್ಲಿ ರೋಗಿಗಳ ಹೆಸರು ಕರೆಯಲೂ ಸಂಕೋಚಪಡುತ್ತಿದ್ದ ನನ್ನ ಅಮ್ಮ, ತುಂಬಿದ ಸಭೆಯ ನಾಲ್ಕನೇ ಸಾಲಿನಿಂದ, ಅಡುಗೆಮನೆಯಿಂದ ಹೇಳುವಷ್ಟೇ ಸಹಜವಾಗಿ ಉತ್ತರ ಕೊಟ್ಟರು:

"ಒಂತೆ ದುಂಬು ಮಗಾ."

ಸ್ವಲ್ಪ ಮುಂದೆ. ನಾನು ಮಂಡಿಯ ಮೇಲೆಯೇ ಸ್ವಲ್ಪ ಮುಂದೆ ಹೋದೆ. ಬೆರಳಿಗೆ ಮರ ತಾಗಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಟ್ಟು, ತಲೆಯಿಟ್ಟೆ. ದೀಪ ಆರಿತು. ಆ ಕತ್ತಲೆಯಲ್ಲಿ ನನಗೆ ಅಳು ಬರಲಿಲ್ಲ, ಹೆಮ್ಮೆಯೂ ಅಲ್ಲ. ಮನೆಗೆ ತಲುಪಿದ ಮೇಲೆ ಆಗುವಂಥ ನೆಮ್ಮದಿ ಅದು. ಚಪ್ಪಾಳೆ ಎಷ್ಟು ಹೊತ್ತಿತ್ತೋ ಗೊತ್ತಿಲ್ಲ, ನಾನು ಎದ್ದದ್ದು ನಿಮ್ಮಿ ಬಂದು ಅಳುತ್ತಾ ಭುಜ ಅಲ್ಲಾಡಿಸಿದಾಗ. ಆಮೇಲೆ ಸೂಪರ್‌ವೈಸರ್ ಮೇಡಂ ಆಂಟಿಯನ್ನು ಹುಡುಕಿಕೊಂಡು ಬಂದು, ಕೊನೆಯಲ್ಲಿ ರಾಣಿ ಗ್ರೀಕ್‌ನಲ್ಲಿ ಏನೋ ಕೇಳಿ, ದೂರದಿಂದ ಯಾರೋ ಉತ್ತರ ಕೊಟ್ಟರಲ್ಲ, ಅದು ಬಹಳ ಚೆನ್ನಾಗಿತ್ತು, ಅದನ್ನು ಯಾವಾಗ ಸೇರಿಸಿದಿರಿ ಎಂದು ಕೇಳಿದರಂತೆ. ಕೊನೆಯ ಗಳಿಗೆಯಲ್ಲಿ ಎಂದರಂತೆ ಆಂಟಿ. ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಮೂವರೂ ನಕ್ಕಿದ್ದೇ ನಕ್ಕಿದ್ದು, ಪೇಶಾವರದ ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿ ತಾನೂ ನಕ್ಕ.

ಈ ಘಟನೆಯ ನಂತರ ನಾನು ಬದಲಾದೆ ಎಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಕೈ ಎತ್ತಲು ಇನ್ನೂ ಒಂದು ವರ್ಷ ಹಿಡಿಯಿತು. ಆದರೆ ಗೊತ್ತಿಲ್ಲದ್ದನ್ನು ಕೇಳುವುದು ಸೋಲು ಎಂಬ ಭಾವನೆ ಆ ಕತ್ತಲೆಯಲ್ಲೇ ಎಲ್ಲೋ ಬಿದ್ದುಹೋಯಿತು. ಇವತ್ತಿಗೂ ಆಫೀಸಿನ ಮೀಟಿಂಗಿನಲ್ಲಿ, ಆಸ್ಪತ್ರೆಯಲ್ಲಿ, ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎನ್ನುತ್ತೇನೆ. ಅದನ್ನು ಜನ ನನ್ನ ಧೈರ್ಯ ಎಂದುಕೊಳ್ಳುತ್ತಾರೆ.

ಅಮ್ಮನ ಏಳನೇ ಟೆಸ್ಟು ಎರಡು ವಾರದ ನಂತರ ಬಂತು. ಪರೀಕ್ಷಕಿ ಏನೋ ಹೇಳಿದಾಗ ಅಮ್ಮ ಗಾಡಿಯ ವೇಗ ತಗ್ಗಿಸಿ, ಅರ್ಥ ಆಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ ಎಂದು ಕೇಳಿದರಂತೆ. ಪರೀಕ್ಷಕಿ ಇನ್ನೊಮ್ಮೆ ಹೇಳಿದಳು, ಅಷ್ಟೇ ಸಹಜವಾಗಿ. ಅಮ್ಮ ಸರಿಯಾದ ಕಡೆ ತಿರುಗಿಸಿದರು. ಆ ಖುಷಿಯಲ್ಲಿ ಮುಂದಿನ ತಿರುವಿನಲ್ಲಿ ಹಿಂದಿನ ಚಕ್ರವನ್ನು ಫುಟ್‌ಪಾತಿಗೆ ಹತ್ತಿಸಿದರು. ಫೇಲ್. ಗುರುವಾರ ಪಪ್ಪ ಬಂದರು. ಊಟಕ್ಕೆ ಕೂತಾಗ, ಶಾಲೆಯಲ್ಲಿ ಟಿಸಿಗೆ ಅರ್ಜಿ ಕೊಡುವ ಸಮಯವಾಯಿತು ಎಂದರು, ಮೃದುವಾಗಿಯೇ. ಇಂಥ ಮಾತು ಬಂದಾಗೆಲ್ಲ ಅಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ತುಳುವಿನಲ್ಲಿ ಮೆಲ್ಲಗೆ ಮಾತಾಡಿ, ಒಪ್ಪಿ ಹೊರಬರುತ್ತಿದ್ದರು. ಆ ದಿನ ಎದ್ದು ಹೋಗಲಿಲ್ಲ. ಆಂಟಿಯ ಎದುರಿಗೆ, ನನ್ನ ಎದುರಿಗೆ, ಕನ್ನಡದಲ್ಲಿ ಹೇಳಿದರು:

"ನಾನು ಹೋಗುದಿಲ್ಲ."

"ಶಶೀ, ಮಾರ್ಚಿನೊಳಗೆ ಅಂತ ನೀನೇ ಒಪ್ಪಿದ್ದು."

"ಒಪ್ಪಿದ್ದು ಹೌದು. ಆಗ ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ, ಹ್ಞೂಂ ಅಂದೆ. ಮನಸ್ಸಿರ್ಲಿಲ್ಲ. ನನಗೆ ಇಲ್ಲಿ ಕೆಲಸ ಉಂಟು, ಇವಳ ಶಾಲೆ ಉಂಟು. ಲೈಸೆನ್ಸ್ ಆದ್ರೂ ಇರ್ತೇನೆ, ಆಗದಿದ್ರೂ ಇರ್ತೇನೆ. ನಿಮಗೆ ಕೋಪ ಬಂದ್ರೆ ಬರ್ಲಿ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು. ಆದರೆ ಮಾತು ಹಿಂದೆ ಹೋಗಲಿಲ್ಲ. ಪಪ್ಪ ತಟ್ಟೆಯ ಅನ್ನವನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದರು. ಅವರಿಗೆ ಬಂದದ್ದು ಕೋಪವಲ್ಲ, ಹೆದರಿಕೆ ಎಂದು ನನಗೆ ಈಗ ತಿಳಿಯುತ್ತದೆ. ಆಗ ಅವರ ದವಡೆ ಬಿಗಿದದ್ದಷ್ಟೇ ಕಂಡಿತು.

"ಮತ್ತೆ ಟೆಸ್ಟು?" ಎಂದರು ಕೊನೆಗೆ.

"ಎಂಟನೇದು ಉಂಟಲ್ಲ."

"ಆಯ್ತು," ಎಂದರು ಪಪ್ಪ. "ಆಯ್ತು ಮಾರಾಯ್ತಿ."

ಎಂಟನೆಯದರಲ್ಲಿ ಅಮ್ಮ ಪಾಸಾದರು. ಅದರಲ್ಲಿ ಹೇಳುವಂಥ ವಿಶೇಷವೇನೂ ಇರಲಿಲ್ಲವಂತೆ, ರಸ್ತೆ ಖಾಲಿಯಿತ್ತು, ಬಿಸಿಲಿತ್ತು, ಮುಗಿಯಿತು. ನಾಲ್ಕು ತಿಂಗಳು ಅಲ್ ನಹ್ದಾ, ಅಲ್ ಕುಸೈಸ್ ಸುತ್ತಮುತ್ತ ಓಡಿಸಿದರು. ಆಮೇಲೆ ಒಂದು ಗುರುವಾರ, ಈ ಸಲ ನೀವು ಬರುವುದು ಬೇಡ, ನಾವೇ ಬರುತ್ತೇವೆ ಎಂದು ಪಪ್ಪನಿಗೆ ಫೋನ್ ಮಾಡಿ, ಶುಕ್ರವಾರ ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ರುವೈಸಿಗೆ ಹೊರಟರು. ಆಂಟಿ ಪುಳಿಯೋಗರೆ ಕಟ್ಟಿಕೊಟ್ಟು, ಲಿಫ್ಟಿನ ಬಾಗಿಲು ಮುಚ್ಚುವವರೆಗೂ ನಿಂತಿದ್ದರು. ಅಬುಧಾಬಿಯ ಹೊರವಲಯ ದಾಟಿದ ಮೇಲೆ ರಸ್ತೆಯಲ್ಲಿ ಲಾರಿಗಳೇ ಹೆಚ್ಚು. ಪ್ರತಿ ಲಾರಿ ಪಕ್ಕದಲ್ಲಿ ಹಾದುಹೋಗುವಾಗಲೂ ಅಮ್ಮ ಉಸಿರು ಹಿಡಿಯುತ್ತಿದ್ದದ್ದು ನನಗೆ ಕೇಳುತ್ತಿತ್ತು. ಎರಡು ಸಲ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ, ದಾರಿ ಸರಿಯಿದೆಯಾ ಎಂದು ಕೇಳಿದರು. ಇದ್ದದ್ದು ಒಂದೇ ರಸ್ತೆ, ಆದರೂ ಕೇಳಿದರು.

ಪಪ್ಪ ಕಂಪೆನಿ ಕ್ವಾರ್ಟರ್ಸಿನ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಅಂಗಿಯ ಬೆನ್ನು ಪೂರ್ತಿ ಒದ್ದೆ. ಕಾರಿನ ಸುತ್ತ ಒಂದು ಸುತ್ತು ಬಂದರು. ಅಮ್ಮ ಇಳಿದು ಬಾಗಿಲು ಹಿಡಿದು ನಿಂತರು. ಪಪ್ಪ ಅವರ ಕೈಯಿಂದ ಬ್ಯಾಗು ತೆಗೆದುಕೊಂಡರು. ಅನ್ನ, ಮೊಟ್ಟೆ ಸಾರು ಮಾಡಿಟ್ಟಿದ್ದೇನೆ ಎಂದರು. ವಾರದಲ್ಲಿ ಐದು ದಿನ ಪಪ್ಪ ಇರುತ್ತಿದ್ದ ಕೋಣೆಯನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯಲ್ಲಿ ಒಣಗಲು ಹಾಕಿದ ಒಂದು ಟವೆಲ್, ಒಂದು ಲೋಟ, ಒಂದು ತಟ್ಟೆ. ನಮಗಾಗಿ ಪಕ್ಕದ ಕೋಣೆಯವರಿಂದ ಎರಡು ತಟ್ಟೆ ಕೇಳಿ ತಂದಿದ್ದರು, ಒಂದು ನೀಲಿ ಪ್ಲಾಸ್ಟಿಕ್ಕಿನದು, ಒಂದು ಅಂಚು ಮುರಿದ ಪಿಂಗಾಣಿಯದು. ನಾವು ಮೂವರೂ ನೆಲದ ಮೇಲೆ ಪೇಪರು ಹಾಸಿ ಕೂತೆವು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅಮ್ಮ ಆ ತಟ್ಟೆಗಳನ್ನು ನೋಡಿದರು, ಕೋಣೆ ನೋಡಿದರು, ಪಪ್ಪನನ್ನು ನೋಡಿದರು, ಮತ್ತೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಊಟ ಮುಗಿಸಿದರು. ಮುಂದಿನ ತಿಂಗಳು ನಾವು ಮತ್ತೆ ರುವೈಸಿಗೆ ಹೊರಟಾಗ, ಹಿಂದಿನ ಸೀಟಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಎರಡು ಸ್ಟೀಲಿನ ತಟ್ಟೆಗಳಿದ್ದವು. ಅವನ್ನು ಅಮ್ಮ ವಾಪಸು ತರಲಿಲ್ಲ.